ಕರಗಿದ್ದು

ಬೆಂಗ್ರೆಯಿಂದ ಧಕ್ಕೆಗೆ ದೋಣಿಯಲ್ಲಿ ಏಳು ನಿಮಿಷ.
ಅಲ್ಲಿಂದ ಬಸ್ಸು, ಆಮೇಲೆ ಕೊಡಿಯಾಲ್‌ಬೈಲಿನ ಏರು,
ಮೂರನೇ ಮಹಡಿ, ಚಪ್ಪಲಿ ಹೊರಗೆ.
ಒಳಗೆ ಆರು ಮೇಜು, ಒಂದು ಎಸಿ, ಐವಿ ಮೇಡಂ.
ಯಂತ್ರ ಮಾತ್ರ ಇಲ್ಲ;
ಅವೆಲ್ಲ ಮುಂಬೈಯಲ್ಲಿವೆ ಎಂದರು.
ಯಾವ ಬೀದಿ, ಯಾವ ಕಟ್ಟಡ, ಅವರಿಗೂ ಗೊತ್ತಿಲ್ಲ.

"ಮೋಡದಲ್ಲಿ ಕೆಲಸವಂತೆ" ಎಂದು ಅಮ್ಮ
ನೆರೆಮನೆಯ ಸುಗುಣಕ್ಕನಿಗೆ ಹೇಳಿದಳು.
"ಹಾಗಾದರೆ ಕೊಡೆ ಕೊಟ್ಟು ಕಳಿಸು."

ಕಾಲೇಜಿನ ಲ್ಯಾಬಿನಲ್ಲಿ ಮೂವರಿಗೊಂದು ಕೀಲಿಮಣೆ,
ನಡುವೆ ಕೂತವಳಿಗೆ ಮಾತ್ರ ಕೈಗೆಟಕುವುದು,
ನಾನು ಯಾವಾಗಲೂ ಗೋಡೆಯ ಬದಿ.
ಇಲ್ಲಿ ಒಂದು ಸಾಲು ಬರೆದರೆ ಒಂದು ಯಂತ್ರ ಏಳುತ್ತದೆ,
ಅಂಕಿ ತಿದ್ದಿದರೆ ನಲವತ್ತು,
ಎಲ್ಲವೂ ನನ್ನ ಮಾತು ಕೇಳುವಂಥವು!
ಗೇರುಬೀಜದ ಫೋಟೋ ನೋಡಿ
ಇಡಿ ಯಾವುದು, ಹೋಳು ಯಾವುದು ಹೇಳಬೇಕಿತ್ತು ಅವು.
ಶುಕ್ರವಾರ ಸಂಜೆ ಹೇಳಿಯೂಬಿಟ್ಟವು.
ಕೊನೆಯ ದೋಣಿ ತಪ್ಪೀತೆಂದು ಓಡಿದೆ.

ಶನಿವಾರ ಮಳೆ. ಭಾನುವಾರ ಮಳೆ.
ಬಲೆಗಳಿಗೆ ಎರಡು ತಿಂಗಳ ರಜೆ,
ಅಪ್ಪನ ಐಸ್ ಪ್ಲಾಂಟೂ ಬಾಗಿಲು ಹಾಕಿತ್ತು.
ಅವನ ಅಂಗಿಯ ಅಮೋನಿಯ ವಾಸನೆ
ಅಂತೂ ಬಿಟ್ಟಿತೆಂದು ಅಮ್ಮ ಮೂಸಿ ನೋಡಿ ಹೇಳಿದಳು.
ಹಲಸಿನ ಬೀಜ ಸುಟ್ಟು ತಿಂದೆವು.
ಮುಂಬೈಯಲ್ಲಿ ನಲವತ್ತು ಯಂತ್ರ
ನನ್ನ ಮುಂದಿನ ಮಾತಿಗೆ ಕಾಯುತ್ತ
ಸುಮ್ಮನೆ ಎಚ್ಚರವಿದ್ದವು.

ಸೋಮವಾರದ ಬಿಲ್ಲು
ಅರವತ್ತೆರಡು ಸಾವಿರದ ನಾನೂರ ಏಳು.
ನನ್ನ ತಿಂಗಳ ಭತ್ಯೆ ಎಂಟು ಸಾವಿರ.
ಅಷ್ಟೂ ಅಂಕಿ ಒಟ್ಟಿಗೆ ಕಣ್ಣಿಗೆ ಬೀಳಲಿಲ್ಲ,
ಮೊದಲು ಕಂಡದ್ದು ಅಲ್ಪವಿರಾಮ.

ಐವಿ ಮೇಡಂ ಬೈಯಲಿಲ್ಲ.
ನೀರು ಕುಡಿದರು, ಮತ್ತೊಂದು ಲೋಟ ಕುಡಿದರು.
"ಏನಾಯಿತೆಂದು ಒಂದು ಪುಟ ಬರೆ.
ಯಾರ ಹೆಸರೂ ಬೇಡ. ಇಲ್ಲಿಯ ಕ್ರಮ ಅದು."

ಇಂಗ್ಲಿಷಿನಲ್ಲಿ ಸಲೀಸಾಗಿ ಬಂತು.
ಅಲ್ಲಿ ಯಂತ್ರಗಳು ತಾವಾಗಿಯೇ ಓಡುತ್ತ ಉಳಿದುಬಿಡುತ್ತವೆ,
ಕೋಣೆಯಲ್ಲಿ ಯಾರೂ ಇರುವುದಿಲ್ಲ.
ದೋಣಿಯಲ್ಲಿ ಬರುತ್ತ ಅದನ್ನೇ ಕನ್ನಡದಲ್ಲಿ ಹೇಳಿಕೊಂಡೆ.
ಮರೆತೆ.
ನಾನು ಎನ್ನದಿದ್ದರೂ ಪದದ ಬಾಲದಲ್ಲಿ ನಾನೇ ಇದ್ದೇನೆ.
ಮರೆತುಹೋಯಿತು.
ಈಗ ನಾನಿಲ್ಲ; ಮರೆವು ತಾನೇ ಚಪ್ಪಲಿ ಮೆಟ್ಟಿ
ಎಲ್ಲಿಗೋ ಹೊರಟ ಹಾಗೆ.
ಮನೆಯ ತುಳುವಿನಲ್ಲೂ ಅದು ಹೋಗುವುದೇ, ಮದತ್ ಪೋಂಡು.
ಯಾರು ಕಂಡುಹಿಡಿದರೋ ಈ ಹಿಂಬಾಗಿಲು,
ನನ್ನಂಥವಳೇ ಇರಬೇಕು.

ಅಪ್ಪ ವರ್ಷದ ಲೆಕ್ಕ ಕೂಡುತ್ತಿದ್ದ,
ಪ್ಲಾಂಟಿನ ಉದ್ದ ಪುಸ್ತಕ ಮೊಣಕಾಲ ಮೇಲೆ.
ತಯಾರಾದದ್ದು. ಬೋಟಿಗೆ ಹೋದದ್ದು. ಸಾಲ.
ಕೊನೆಯ ಕಲಮು: ಕರಗಿದ್ದು.
ಡಿಸೆಂಬರ್ ಒಂಬತ್ತರ ಎದುರು ನೂರ ಹತ್ತು ಗಡ್ಡೆ.
"ಅಷ್ಟು ಹೇಗೆ?"
"ಅದಾ," ಎಂದು ಕನ್ನಡಕ ತೆಗೆದ.
"ಆ ದಿನ ಬಾಗಿಲ ಚಿಲಕ ಹಾಕಿದ್ದು ನಾನು.
ಹಾಕಿದ್ದೇನೆ ಅಂದುಕೊಂಡದ್ದು."
"ಹಮೀದಾಕನಿಗೆ ಗೊತ್ತಾ?"
"ಈ ಕಲಮಿನ ಬಗ್ಗೆ ಯಾರೂ ಕೇಳುವುದಿಲ್ಲ."

ನನ್ನದನ್ನೂ ಹೇಳಿದೆ, ಮೊತ್ತ ಅರ್ಧ ಮಾಡಿ.
ಅವನು ಮನಸ್ಸಿನಲ್ಲೇ ಭಾಗಿಸಿ
"ಇನ್ನೂರ ಚಿಲ್ಲರೆ ಗಡ್ಡೆ" ಎಂದ.
ತುಂಬ ಹೊತ್ತು ಮಾಡಿನ ನೀರು ನೋಡಿದ.
"ನನ್ನದರಲ್ಲಿ ನೆಲವಾದರೂ ಒದ್ದೆಯಾಗಿತ್ತು ಮಾರಾಯ್ತಿ."

ಮಂಗಳವಾರ ಆ ಪುಟದ ಅಡಿಯಲ್ಲಿ
ಕನ್ನಡದ ಒಂದೇ ಪದ ಸೇರಿಸಿದೆ.
ಐವಿ ಮೇಡಂ ಓದಿ, ನನ್ನನ್ನೊಮ್ಮೆ ನೋಡಿ,
ಬೇಡ, ಕ್ರಮವೆಂದರೆ ಕ್ರಮ ಎಂದರು.
ಅಳಿಸಿದೆ.