ಬಳೇಪೇಟೆಯ ಗಾಂಧಾರ

ಕಂಡಕ್ಟರು ಹರಿದುಕೊಟ್ಟ ಗುಲಾಬಿ ಚೀಟಿಯಲ್ಲಿ
ನನ್ನ ಬೆಲೆ ಸೊನ್ನೆ.
ಹನುಮಂತನಗರದಿಂದ ಮೆಜೆಸ್ಟಿಕ್ಕಿನವರೆಗೆ
ಆ ಸೊನ್ನೆಯನ್ನು ಕಿರುಬೆರಳಿಗೆ ಸುತ್ತಿಕೊಂಡು
ಕಿಟಕಿ ಪಕ್ಕ ಕೂರುತ್ತೇನೆ.
ಹೋದ ವರ್ಷ ಇದೇ ಹೊತ್ತಿಗೆ
ಬೆಳ್ಳಂದೂರಿನ ಸಿಗ್ನಲ್ಲಿನಲ್ಲಿ, ಕಾರಿನ ಗಾಜು ಏರಿಸಿ,
ಎಸಿ ಹಾಕಿಕೊಂಡು ಅಳುತ್ತಿದ್ದೆ.
ಯಾಕೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.
ರಾತ್ರಿ ಮೂರಕ್ಕೆ ಸರ್ವರು ಬಿದ್ದಿತ್ತು, ಎಬ್ಬಿಸಿದ್ದೆ.
ನಾನು ಬಿದ್ದದ್ದು ಯಾವ ಪರದೆಯಲ್ಲೂ ಕೆಂಪಾಗಲಿಲ್ಲ.

ಒಂದು ಬೆಳಗ್ಗೆ ಬ್ರಶ್ಶಿನ ಮೇಲೆ ಪೇಸ್ಟು ಹಾಕಿದ ಮೇಲೆ
ಮುಂದೇನು ಎಂಬುದೇ ಮರೆತುಹೋಯಿತು.
ಕನ್ನಡಿಯೆದುರು ಇಪ್ಪತ್ತು ನಿಮಿಷ.
ಪೇಸ್ಟು ತಾನಾಗಿ ಜಾರಿ ಬೇಸಿನ್ನಿಗೆ ಬಿತ್ತು.
ರಾಜೀನಾಮೆಗೆ ಅಷ್ಟು ಹೊತ್ತು ಹಿಡಿಯಲಿಲ್ಲ.

ಈಗ ಒಂದು ಕೋಣೆ, ಮೆಟ್ಟಿಲ ಕೆಳಗೊಂದು ನಲ್ಲಿ,
ನೂರು ಪುಟದ ಒಂದು ನೋಟುಬುಕ್ಕು:
ಹಾಲು ಇಪ್ಪತ್ತನಾಲ್ಕು, ದಂಟಿನ ಸೊಪ್ಪು ಹತ್ತು,
ಸುಮ್ಮನೆ ತಿಂದ ಆಂಬೊಡೆ ಹದಿನೈದು
(ಆಮೇಲೆ ‘ಸುಮ್ಮನೆ’ ಹೊಡೆದುಹಾಕಿದ್ದೇನೆ).
ಉಳಿತಾಯವನ್ನು ಖರ್ಚಿನಿಂದ ಭಾಗಿಸಿದರೆ ಮೂವತ್ತೊಂದು ತಿಂಗಳು.
ಹಲ್ಲು ನೋಯದಿದ್ದರೆ.

ಪಕ್ಕದ ಪುಟ್ಟಲಿಂಗಮ್ಮ ಮೂರು ಮನೆ ಮುಸುರೆ ತಿಕ್ಕಿ ಬಂದು
ಸಂಪಿನ ಮುಚ್ಚಳದ ಮೇಲೆ ಕೂತು ನನ್ನ ಲೆಕ್ಕ ಕೇಳುತ್ತಾಳೆ, ನಗುತ್ತಾಳೆ:
“ನಾವು ಬರೆಯಲ್ಲ ಕಣವ್ವ. ಬರೆದ್ರೆ ಭಯ ಆಯ್ತದೆ.”
ನನ್ನದು ಬಡತನವಲ್ಲವೆಂದು ಅವಳಿಗೂ ಗೊತ್ತು, ನನಗೂ.
ಅವತ್ತು ಪುಸ್ತಕ ತೆರೆಯಲಿಲ್ಲ.

ಬಳೇಪೇಟೆಯಲ್ಲಿ, ತಬಲಾ ಅಂಗಡಿಗಳ ನಡುವೆ
ಮೋದಿನ್ ಸಾಹೇಬರ ಮಳಿಗೆ, ಒಂದು ಬಾಗಿಲಷ್ಟು ಅಗಲ.
ಮೊದಲ ದಿನವೇ ಹಾರ್ಮೋನಿಯಮ್ಮಿನ ಹೊಟ್ಟೆ ಬಿಚ್ಚಿ ತೋರಿಸಿದರು:
ಸಾಲು ಹಿತ್ತಾಳೆ ನಾಲಿಗೆಗಳು, ಜಿರಳೆ ತಿಂದ ಚರ್ಮ,
ಯಾರದೋ ಶನಿವಾರದ ಭಜನೆಯ ಊದುಬತ್ತಿ ಬೂದಿ.
“ನೋಡು ಇಂಜಿನಿಯರಮ್ಮ, ಕೆರೆದಿದ್ದು ಹೋಯ್ತು. ವಾಪಸ್ ಬರಲ್ಲ.”
(ನನ್ನ ಹಳೆಯ ಕೆಲಸದಲ್ಲಿ ಎಲ್ಲದಕ್ಕೂ
ಹಿಂದಕ್ಕೆ ಹೋಗುವ ಗುಂಡಿ ಇತ್ತು.)
ತುದಿ ಕೆರೆದರೆ ಸ್ವರ ಏರುತ್ತದೆ,
ಬುಡ ಕೆರೆದರೆ ಇಳಿಯುತ್ತದೆ.
ಎರಡಕ್ಕೂ ಒಂದಿಷ್ಟು ಕಳೆಯಲೇಬೇಕು.

ಮೂರು ತಿಂಗಳು ನನ್ನ ಕಿವಿಗೆ ಕೇಳಿದ್ದು ಎರಡೇ ಸದ್ದು:
ಅಲಾರಮ್ಮು, ಅಲಾರಮ್ಮಲ್ಲದ್ದು.
ಕೆಳಗಿನ ಮನೆಯ ಕುಕ್ಕರು ಕೂಗಿದರೂ
ಕೈ ದಿಂಬಿನಡಿ ಫೋನು ತಡಕುತ್ತಿತ್ತು.
ನಾಲ್ಕು ಗಾಂಧಾರ ಹಾಳುಮಾಡಿದೆ, ಒಂದೊಂದಕ್ಕೆ ನಲವತ್ತು ರೂಪಾಯಿ.
ನೋಟುಬುಕ್ಕಿನಲ್ಲಿ ‘ಫೀಸು’ ಎಂದು ಬರೆದುಕೊಂಡೆ.

ಸೋದರತ್ತೆ ಮಗಳ ಆರತಕ್ಷತೆಯಲ್ಲಿ
“ಈಗ ಯಾವ ಕಂಪನಿ?” ಅಂದರು.
“ಸೌಂಡ್ ಲೈನಲ್ಲಿದ್ದೀನಿ” ಅಂದೆ.
ತಲೆದೂಗಿದರು. ಸ್ಟಾರ್ಟಪ್ಪು ಎಂದುಕೊಂಡಿರಬೇಕು.
ಮುಯ್ಯಿ ಲಕೋಟೆಯಲ್ಲಿ ನೂರಾ ಒಂದು, ಮೇಲೆ ಹೆಸರಿಲ್ಲ.
ಪಾಯಸ ಎರಡು ಸಲ ಹಾಕಿಸಿಕೊಂಡೆ.

ನಿನ್ನೆ ಸಂಜೆ ಸಾಹೇಬರು ತಿದಿ ಒತ್ತಿ,
ಕಣ್ಣು ಮುಚ್ಚಿ, ನಾನು ಕೆರೆದ ಬಿಳಿ ಮೂರನ್ನು ಹಿಡಿದರು.
ಹೊರಗೆ ಗೂಡ್ಸ್ ಆಟೋ, ಬೈಗುಳ, ದೂರದ ಆಜಾನು.
ಹಿಡಿದೇ ಇದ್ದರು.
ಸರಿ ಅನ್ನಲಿಲ್ಲ, ತಪ್ಪೂ ಅನ್ನಲಿಲ್ಲ;
ಮುಚ್ಚಳ ಹಾಕಿ ಸ್ಕ್ರೂ ತಿರುಪಿದರು.
“ಚಾಯ್ ಹೇಳು. ದುಡ್ಡು ನಂದು.”

ಮಾರ್ಕೆಟ್ಟಿಗೆ ನಡೆದೆ. ಎಂಟರ ಮೇಲೆ ಟೊಮೆಟೊ ಅರ್ಧ ಬೆಲೆ,
ಅರ್ಧ ಕೊಳೆತಿರುತ್ತವೆ, ಆರಿಸಲು ಕಲಿತಿದ್ದೇನೆ.
ರಾತ್ರಿ ಪುಸ್ತಕ ತೆರೆದೆ. ಜಮಾ ಬದಿ ಇನ್ನೂ ಖಾಲಿ.
ಅಲ್ಲಿ ಏನೋ ಬರೆಯಹೋಗಿ
ಪೆನ್ನು ಮುಚ್ಚಿಟ್ಟೆ.

ಕೆಳಗೆ ಕುಕ್ಕರು ಕೂಗಿತು.
ನಿಷಾದಕ್ಕಿಂತ ಒಂದು ಕೂದಲು ಕೆಳಗಿತ್ತು.