ಹುರುಪೆ

ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದೆ.
ಕೈಗಿನ್ನೂ ಎಲೆಕೋಸಿನ ವಾಸನೆ,
ಕಿವಿಯೊಳಗೆ ಕನ್ವೇಯರಿನ ಗುಂಯ್.
ಲಿಂಕನ್‌ಶೈರಿನ ಚಪ್ಪಟೆ ಬಯಲಲ್ಲಿ
ಜಲ್ಲಿ ತೋಡಿ ಬಿಟ್ಟುಹೋದ ಹಳೆಯ ಹೊಂಡ,
ಈಗ ಅದಕ್ಕೆ ಕೆರೆಯೆಂದು ಹೆಸರು,
ಒಂದು ಗೇಟು, ಒಂದು ಬೀಗ, ದಿನಕ್ಕಿಷ್ಟೆಂದು ಚೀಟಿ.

ದಡದಂಚಿಗೆ ಉಗುರಿನಷ್ಟು ತೆಳು ಮಂಜುಗಡ್ಡೆ;
ಬೂಟಿನ ಹಿಮ್ಮಡಿಯಲ್ಲಿ ಒಡೆದೆ.
ನೆವಿಲ್ ಆಗಲೇ ಕೂತಿದ್ದ ಹಸಿರು ಕೊಡೆಯಡಿ,
ತಲೆಗೆ ಎರಡು ಟೋಪಿ, ಒಂದರ ಮೇಲೊಂದು.
"ಚಳಿಗೆ ಕಾರ್ಪು ಬಾಯಿ ಹೊಲಿದುಕೊಂಡಿರುತ್ತೆ" ಅಂದ,
"ಮೂರು ವಾರದಿಂದ ಯಾರಿಗೂ ಒಂದು ಬಾಲವೂ ಕಂಡಿಲ್ಲ.
ಹುಳು ಎರಚು. ಹಿಡಿಯಲ್ಲ, ಚಿಟಿಕೆ."
ಅಷ್ಟು ಹೇಳಿ ಹೊತ್ತುಗಟ್ಟಲೆ ಸುಮ್ಮನಾದ.
ಅವನ ಮೌನಕ್ಕೂ ಈ ಸೀಮೆಯದೇ ಉಚ್ಚಾರ.

ಹನ್ನೊಂದಕ್ಕೆ ಚಹಾ.
ಹನ್ನೆರಡಕ್ಕೆ ಬಿಸಿಲು ಬಂದಂತೆ ಮಾಡಿ ಹೋಯಿತು.
ಒಂದಕ್ಕೆ ನೀರುಕೋಳಿಯೊಂದು ನನ್ನ ನೂಲಿಗೆ ತಗಲಿ
ಅಲಾರಂ ಚೀರಿ
ಇಬ್ಬರೂ ಎದ್ದು ನಿಂತು
ಇಬ್ಬರೂ ಮತ್ತೆ ಕೂತೆವು.

ಅಲುಗದ ನೀರಿನೆದುರು ಕೂತರೆ
ನನಗೆ ಸ್ನಾನದ ಮನೆ ನೆನಪಾಗುತ್ತದೆ.
ರಾದೊಮ್ ಊರು, ನಾಲ್ಕನೆಯ ಮಹಡಿ, ಎಪ್ಪತ್ತೊಂಬತ್ತರ ಡಿಸೆಂಬರು.
ಸಾಲಿನಲ್ಲಿ ನಿಂತು ಅಪ್ಪ ಬಕೆಟ್ಟಿನಲ್ಲಿ ತಂದ ಕಾರ್ಪು
ಹಬ್ಬಕ್ಕೆ ಮೂರು ದಿನವಿರುವಾಗ ನಮ್ಮ ತೊಟ್ಟಿಗೆ ಬಂತು.
ಮೂರು ದಿನ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ.
ತಂಗಿ ದಾನುಶ್ಯಾ ಅದಕ್ಕೆ ಇಂಜಿನಿಯರ್ ಸಾಹೇಬರೆಂದು ಹೆಸರಿಟ್ಟಳು,
ಕೆಳಮಹಡಿಯವರ ಹಾಗೆಯೇ ಮೀಸೆಯಿತ್ತಲ್ಲ.
ಬ್ರೆಡ್ಡು ಕೊಟ್ಟಳು, ಶಾಲೆಯ ಪದ್ಯ ಒಪ್ಪಿಸಿದಳು,
ತಪ್ಪಿದಲ್ಲಿ ಮತ್ತೆ ಮೊದಲಿಂದ.
ಇಪ್ಪತ್ತನಾಲ್ಕರ ಬೆಳಗ್ಗೆ ಅಪ್ಪ
ಸುತ್ತಿಗೆ ಹಿಡಿದು ಒಳಹೋಗಿ ಚಿಲಕ ಹಾಕಿಕೊಂಡ.
ಬಹಳ ಹೊತ್ತು ನಲ್ಲಿಯ ಸದ್ದು.
ಹೊರಬಂದಾಗ ಮೊಣಕೈವರೆಗೂ ಒದ್ದೆ;
ಏನೂ ಹೇಳದೆ ಸುತ್ತಿಗೆಯನ್ನು ಅಮ್ಮನ ಕೈಗೆ ಕೊಟ್ಟ.
ಆ ರಾತ್ರಿ ತಂಗಿ ಬರೀ ಆಲೂಗಡ್ಡೆ ತಿಂದಳು.
ನಾನು? ಎರಡು ತುಂಡು.
ರುಚಿಯಾಗಿತ್ತು, ಸುಳ್ಳೇಕೆ.
ತೊಳೆದೊರೆಸಿದ ಹುರುಪೆಯೊಂದನ್ನು ಅಮ್ಮ
ಪ್ರತಿಯೊಬ್ಬರ ಪರ್ಸಿಗೂ ಹಾಕಿದಳು:
ವರ್ಷವಿಡೀ ಕಾಸು ಬತ್ತಬಾರದು.

ಮೂರೂವರೆ. ಬೆಳಕು ಬೂದಿಯಾಗುವ ಹೊತ್ತು.
ಅಲಾರಂ ಒಂದು ಸಲ. ತಡೆದು, ಇನ್ನೊಂದು ಸಲ.
ಎಳೆದರೆ ಜಗ್ಗಾಟವಿಲ್ಲ, ಬರೀ ಭಾರ,
ನೆನೆದ ಕಂಬಳಿಯೊಂದು ಬೇಡವೆನ್ನುತ್ತಲೇ ಬಂದಂತೆ.
ನೆವಿಲ್ ಮಂಡಿಯವರೆಗೆ ಇಳಿದು ಬಲೆಯೊಡ್ಡಿದ.
"ಗ್ಲಾಡಿಸ್!" ಅಂದ, ಬಸ್ ನಿಲ್ದಾಣದಲ್ಲಿ
ಹಳೆಯ ಪರಿಚಯದವಳು ಸಿಕ್ಕ ಹಾಗೆ.
ಹತ್ತೊಂಬತ್ತು ಪೌಂಡು. ಬರಿಮೈ,
ಬೆನ್ನುದ್ದಕ್ಕೆ ಮಾತ್ರ ಕೆಲವು ದೊಡ್ಡ ಹುರುಪೆ,
ಅಲ್ಲಲ್ಲಿ ಹೆಂಚು ಬಿದ್ದ ಮಾಡಿನಂತೆ.
ಒದ್ದೆ ಚಾಪೆಯ ಮೇಲೆ ಮಲಗಿಸಿ
ತುಟಿಯ ಗಾಯಕ್ಕೆ ಅವನು ಔಷಧದ ಹನಿಯಿಟ್ಟ.
ಆಮೇಲೆ, ಆರು ಚಳಿಗಾಲ ಜೊತೆ ಕೂತವನು,
ಮೊದಲ ಬಾರಿಗೆ ಕೇಳಿದ, ನನ್ನ ಮುಖ ನೋಡದೆ:
"ನಿಮ್ಮಲ್ಲಿ ತಿಂತಾರಂತಲ್ಲ?"
"ತಿಂತೀವಿ."
"ಹೇಗಿರುತ್ತೆ?"
"ಕೆಸರು. ಮೂರು ದಿನ ತಿಳಿನೀರಲ್ಲಿಟ್ಟರೆ ಹೋಗುತ್ತೆ."
ಯಾರೋ ತೀರಿಕೊಂಡ ಸುದ್ದಿಗೆ ಆಡಿಸುವ ಹಾಗೆ ತಲೆಯಾಡಿಸಿದ.

ನಾನೇ ಅವಳನ್ನು ನೀರಿಗಿಳಿಸಿದೆ.
ಕೈಮೇಲೇ ಒಂದಿಷ್ಟು ನಿಂತಿದ್ದಳು,
ಅವಸರವಿಲ್ಲ;
ಆಮೇಲೆ ಅಂಗೈಯಲ್ಲಿ ತಣ್ಣಗೆ ನೀರಷ್ಟೇ.

ಚಾಪೆಯ ಮೇಲೆ ಒಂದು ಹುರುಪೆ ಉಳಿದಿತ್ತು.
ಪರ್ಸಿಗಿಟ್ಟು, ಯಾಕೆಂದು ಹೇಳಿದೆ.
ನೆವಿಲ್ ನಗಲಿಲ್ಲ.
ಕೈಗವಸು ಕಚ್ಚಿ ಕಳಚಿ
ತನ್ನ ಪರ್ಸನ್ನೂ ತೆರೆದು ಹಿಡಿದ.
ಇದ್ದದ್ದು ಒಂದೇ.
ಮುರಿಯಲು ನೋಡಿದೆ: ಬಾಗಿತು, ಮುರಿಯಲಿಲ್ಲ.
ಅವನಿಗೇ ಹಾಕಿದೆ, ಪಿಂಚಣಿ ಚೀಟಿಯ ಪಕ್ಕ.

ಗೇಟಿನ ಬೀಗ ಹೆಪ್ಪುಗಟ್ಟಿತ್ತು;
ಬಾಯಿಯ ಹಬೆ ಊದಿ ತೆಗೆದೆವು.
ಒಂಬತ್ತಕ್ಕೆ ಮತ್ತೆ ಎಲೆಕೋಸು.
ದಾರಿಯುದ್ದಕ್ಕೂ ಕೈ ಮೂಸಿಕೊಂಡೆ.