ಸರ್ಕಲ್ಲಿನಲ್ಲಿ ಸಂಜೆ ಸುದ್ದಿ

ಅಕ್ರಾ ಪೇಟೆಯ ಸರ್ಕಲ್ಲಿನಲ್ಲಿ, ಹರಿದ ಛತ್ರಿಯ ಕೆಳಗೆ
ನಮ್ಮ ಮೇಸ್ತ್ರಿ ಲಾರ್ಟೆ ಕಣ್ಣಿಗೆ ಭೂತಗನ್ನಡಿ ಸಿಗಿಸಿ
ಸತ್ತ ಫೋನೊಂದರ ಹೊಟ್ಟೆ ಬಗೆಯುತ್ತಿದ್ದಾನೆ.
ನಾನು ಸ್ಕ್ರೂ ಎಣಿಸುವ ಹುಡುಗ.
ರೇಡಿಯೊ ಲೋಕದ ಸುದ್ದಿ ಎಣಿಸುತ್ತಿದೆ.

ಹೊಸ ಫೋನು ಬಂತಂತೆ, ಬಟ್ಟೆಯ ಹಾಗೆ ಮೂರು ಮಡಿಕೆ.
"ಮಡಿಚಲಿ," ಅಂದ ಲಾರ್ಟೆ, "ನೆರಿಗೆಯಲ್ಲಿ ಮುರಿದರೆ
ಇಸ್ತ್ರಿಯವನ ಹತ್ತಿರ ಹೋಗ್ತಾರೇನು? ಬರೋದು ಇಲ್ಲಿಗೇ."

ಹೋದ ವರ್ಷಕ್ಕಿಂತ ತೆಳ್ಳಗಂತೆ.
ತೆಳ್ಳಗಾದದ್ದು ಜೇಬು, ಅಂದೆ ನಾನು. ಯಾರೂ ನಗಲಿಲ್ಲ.
ಡಬ್ಬಿಯಲ್ಲಿ ಚಾರ್ಜರು ಇಲ್ಲವಂತೆ, ಈ ಸಲವೂ.
"ಬರೋ ವರ್ಷ ಫೋನೂ ಇರೋಲ್ಲ, ಡಬ್ಬಿಗೇ ಹಲೋ ಅನ್ನಬೇಕು."

ಮೊಟ್ಟೆ ಮುಗಿದರೆ ತಾನೇ ಹೇಳುವ ಫ್ರಿಜ್ಜೂ ಇದೆಯಂತೆ!
ಕೆಂಕಿ ಮಾರುವ ಕೋರ್ಕೊಯ್ ಬುಟ್ಟಿ ಇಳಿಸಿದಳು:
"ತಿಂದವರು ಯಾರು ಅಂತ ಹೇಳುತ್ತಾ?
ಹೇಳೋದಾದರೆ ಎರಡು ತರಿಸು, ಒಂದು ನಾದಿನಿ ಮನೆಗೆ."

ಅಷ್ಟರಲ್ಲಿ ಕರೆಂಟು ಹೋಯಿತು.
ರೇಡಿಯೊ ಅರ್ಧ ವಾಕ್ಯದಲ್ಲಿ ನಿಂತಿತು:
ಮನುಕುಲದ ಬದುಕನ್ನೇ ಬದಲಿಸಲಿರುವ

ಏನೋ. ತಿಳಿಯಲೇ ಇಲ್ಲ.

ಕೋರ್ಕೊಯ್ ಸೊಂಟದ ಗಂಟು ಬಿಚ್ಚಿ ತನ್ನ ಗುಂಡಿ ಫೋನು ತೆಗೆದಳು,
ರಬ್ಬರ್ ಬ್ಯಾಂಡು ಸುತ್ತಿದ್ದು, ಏಳನೇ ಅಂಕಿ ಸವೆದದ್ದು,
ನೆತ್ತಿಯಲ್ಲೊಂದು ಕಡಲೆಕಾಳಿನಷ್ಟು ಟಾರ್ಚು.
"ಹಿಡಿದಿರ್ತೀನಿ. ಬೇಗ ಮುಗಿಸು, ಕೆಂಕಿ ಆರುತ್ತೆ."

ಆ ಬೆಳಕಿನಲ್ಲಿ ದುಬಾರಿ ಫೋನಿನ ಕರುಳು
ಬಹಳ ಸಂಕೋಚದಿಂದ ಹೊಳೆಯಿತು.
ಜೋಡಿಸಿ ಒತ್ತಿದ. ಬದುಕಿತು.
ನನ್ನ ಅಂಗೈಯಲ್ಲಿ ಒಂದು ಸ್ಕ್ರೂ ಹಾಗೇ ಉಳಿದಿತ್ತು.

ಲಾರ್ಟೆ ಸುತ್ತ ನೋಡಿ, ಅದನ್ನು ನನ್ನ ಜೇಬಿಗೆ ಹಾಕಿ,
"ಇದಕ್ಕೇ ಕಣೋ ಅಪ್‌ಡೇಟ್ ಅನ್ನೋದು" ಅಂದ.